ಕುಲುಮೆಯ ಹೊಸ್ತಿಲು
(ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ಕೂಟದಲ್ಲಿ ಕಮ್ಮಾರನ ವಿಷಯವಾಗಿ ಮಾತಾಡಬೇಕೆಂದು ಹಿರಿಯರು ಹೇಳಿದರು. ಯಾಕೆಂದರೆ ನಮ್ಮ ಲೈನುಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರು ಕುಲುಮೆಯನ್ನು ಕಣ್ಣಾರೆ ಕಂಡವರಲ್ಲ. ಕತ್ತಿಯೆಂಬುದು ಪೇಟೆಯ ಅಂಗಡಿಯಲ್ಲೇ ಹುಟ್ಟುತ್ತದೆಂದು ತಿಳಿದಿದ್ದಾರೆ.

ನಮ್ಮಲ್ಲಿ ಹೆಚ್ಚಿನವರ ಹಿರಿಯರು ತಾಳವಾಡಿ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಈ ನೀಲಗಿರಿಯ ತೋಟಗಳಿಗೆ ಹತ್ತಿ ಬಂದವರು. ಅಲ್ಲಿ ಕುಲುಮೆ ಊರ ಅಂಚಿನಲ್ಲಿ ಇರುತ್ತಿತ್ತು, ಬೆಂಕಿಯ ಭಯಕ್ಕೆ. ಒಂದು ಹುಣಸೆಮರ, ಪಕ್ಕದಲ್ಲಿ ತಗ್ಗಾದ ಮಾಡು, ಒಳಗೆ ಕತ್ತಲು. ಆ ಕತ್ತಲು ಬೇಕೆಂದೇ ಇಟ್ಟುಕೊಂಡದ್ದು. ಬಿಸಿಲಿನಲ್ಲಿ ಕಬ್ಬಿಣ ಎಷ್ಟು ಕೆಂಪಾಗಿದೆ ಎಂಬುದು ಕಣ್ಣಿಗೆ ಸಿಗುವುದಿಲ್ಲ. ಕಮ್ಮಾರನಿಗೆ ಗಡಿಯಾರವಿಲ್ಲ, ಶಾಖ ಅಳೆಯುವ ಯಂತ್ರವಿಲ್ಲ, ಬಣ್ಣವೇ ಎಲ್ಲ. ಕೆಂಪಗೆ ಕಾದ ಕತ್ತಿಯ ಬಾಯನ್ನು ನೀರಿಗೆ ಅದ್ದಿದರೆ ಅದು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಆದಕಾರಣ ಅದನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲನೆ ಕಾಯಿಸುತ್ತಾರೆ. ಆಗ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ ಬಣ್ಣ ಬಾಯಿಯ ಕಡೆಗೆ ಹರಿದು ಬರುತ್ತದೆ. ಕಂದು ಬಂದ ಕ್ಷಣಕ್ಕೆ ಅದ್ದಿದರೆ ಕತ್ತಿ ಒಳ್ಳೇ ಕತ್ತಿ. ನೀಲಿಯಾಗಲು ಬಿಟ್ಟರೆ ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಇದಕ್ಕೇ ಹದ ಕೊಡುವುದು ಎಂದು ಹೆಸರು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಸಿಕ್ಕಿದರೆ ಆಚಾರಿಗೆ ಹಬ್ಬ, ಅದರಷ್ಟು ಒಳ್ಳೇ ಉಕ್ಕು ಸಂತೆಯಲ್ಲಿ ಸಿಗುತ್ತಿರಲಿಲ್ಲ.

ತಿದಿ ಒತ್ತುತ್ತಿದ್ದವಳು ಆಚಾರಿಯ ಹೆಂಡತಿ. ಬೆನ್ನಿಗೆ ಮಗು ಕಟ್ಟಿಕೊಂಡು ಇಡೀ ದಿನ ಒತ್ತುತ್ತಿದ್ದಳು. ಊರಲ್ಲಿ ಆಚಾರಿಯ ಕೈಗುಣವನ್ನು ಹೊಗಳಿದವರು ಬಹಳ, ಆಕೆಯ ಹೆಸರು ಯಾರಿಗೂ ನೆನಪಿಲ್ಲ.

ಹಣದ ವ್ಯವಹಾರ ಕಡಿಮೆ. ವರ್ಷವಿಡೀ ಕುಳ ಹಣಿಸಿ, ಕುಡುಗೋಲು ತಟ್ಟಿಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ರಾಗಿ, ಜೋಳ ಆಯವಾಗಿ ಹೋಗುತ್ತಿತ್ತು. ಬೆಳೆ ಕೆಟ್ಟ ವರ್ಷ ರೈತನ ಜೊತೆಗೆ ಆಚಾರಿಯೂ ಉಪವಾಸ. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿ ತಾಳವಾಡಿ ಮದ್ರಾಸಿನಲ್ಲೇ ಉಳಿದಾಗ ಕಚೇರಿಗಳು ಬೇರೆಯಾದವು, ಕುಲುಮೆಗೆ ಬರುವವರು ಬೇರೆಯಾಗಲಿಲ್ಲ. ಆಚೆ ರಾಜ್ಯದ ಗುದ್ದಲಿ ಈಚೆ ರಾಜ್ಯದ ಬೆಂಕಿಯಲ್ಲಿ ಕಾಯುತ್ತಿತ್ತು.

ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಹಿರಿಯರು ಕುಲುಮೆಯ ಹೊಸ್ತಿಲು ದಾಟುವಂತಿರಲಿಲ್ಲ. ಮಚ್ಚನ್ನು ಹೊರಗೆ ನೆಲದ ಮೇಲಿಟ್ಟು ಹಿಂದೆ ಸರಿಯಬೇಕು. ಆಚಾರಿ ಅದನ್ನು ಇಕ್ಕಳದಲ್ಲಿ ಎತ್ತಿಕೊಂಡು ಬೆಂಕಿಗೆ ಹಾಕುವನು. ಬೆಂಕಿ ತಾಕಿದ ಮೇಲೆ ಮೈಲಿಗೆ ಇಲ್ಲವಂತೆ! ಆದರೆ ದೊಡ್ಡ ಗಾಡಿಪಟ್ಟಾ ಕಾಯಿಸಿ ಚಕ್ರಕ್ಕೆ ತೊಡಿಸುವ ದಿನ ಚಮ್ಮಟಿಗೆ ಹೊಡೆಯಲು ಆಳು ಸಾಲದಾದಾಗ ಕೂಗಿ ಕರೆಯುತ್ತಿದ್ದದ್ದು ನಮ್ಮ ಗಂಡಸರನ್ನೇ. ಆ ದಿನ ಹೊಸ್ತಿಲು ಎಲ್ಲಿ ಹೋಗುತ್ತಿತ್ತೋ.

ಬೆಟ್ಟ ಹತ್ತಿ ಬಂದ ಮೇಲೆ ನಮ್ಮವರು ಕಂಡದ್ದು ಬೇರೆ ಬಗೆ. ನೀಲಗಿರಿಯಲ್ಲಿ ಹಳೇ ಕಾಲದಿಂದ ಕಮ್ಮಾರರೆಂದರೆ ಕೋತರು. ಏಳು ಊರುಗಳ ಚಿಕ್ಕ ಜನ. ಕೋತಗಿರಿಯ ಹೆಸರಿನಲ್ಲೇ ಅವರಿದ್ದಾರೆ. ಬಡಗರಿಗೆ ಕೊಡಲಿ, ಗುದ್ದಲಿ, ಕುಡುಗೋಲು ಮಾಡಿಕೊಟ್ಟವರು ಅವರು, ಸಾವಿನ ಮನೆಗೆ ವಾದ್ಯ ನುಡಿಸಿದವರು ಅವರು. ಮಡಕೆ ಮಾಡುವುದು ಅವರ ಹೆಂಗಸರ ಕೆಲಸ. ಪ್ರತಿಫಲ ಅಲ್ಲಿಯೂ ಸುಗ್ಗಿಯ ದವಸವೇ. 1930ರ ದಶಕದ ಹೊತ್ತಿಗೆ ಬಡಗರಲ್ಲಿ ಅನೇಕರು ಆ ವಾದ್ಯವನ್ನು ಬೇಡವೆಂದರು, ಪೇಟೆಯ ಸಾಮಾನೂ ಬಂತು, ಕೊಡುಕೊಳ್ಳುವ ಹಳೇ ನಂಟು ಸಡಿಲವಾಯಿತು. ಅದೇ ದಶಕದಲ್ಲಿ ಎಮೆನೊ ಎಂಬ ಪಂಡಿತರು ಕೋತರ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡು 1944ರಿಂದ 1946ರವರೆಗೆ ಅಚ್ಚು ಹಾಕಿಸಿದರು. ಅವರ ಮಾತಾದರೂ ಪುಸ್ತಕದಲ್ಲಿ ಉಳಿಯಿತು. ನಮ್ಮ ಊರ ಆಚಾರಿಯ ಮಾತನ್ನು ಬರೆದುಕೊಂಡವರಿಲ್ಲ.

ಇನ್ನು ನಮ್ಮ ತೋಟದ ಸಂಗತಿ. ಟೀ ಗಿಡಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಕವ್ವಾತು ಮಾಡುತ್ತೇವೆ. ಒಂದೇ ಏಟಿಗೆ ಓರೆಯಾಗಿ, ನುಣ್ಣಗೆ ಕಡಿಯಬೇಕು. ಕತ್ತಿ ಮೊಂಡಾದರೆ ಕೊಂಬೆ ಸೀಳುತ್ತದೆ, ಸೀಳಿದಲ್ಲಿ ನೀರು ನಿಂತು ಕೊಳೆಯುತ್ತದೆ, ಗಿಡ ಮೇಲಿಂದ ಒಣಗುತ್ತಾ ಬರುತ್ತದೆ. ಬೈಗುಳ ನಮಗೆ. ಇಷ್ಟು ಗಿಡ ಎಂದು ಲೆಕ್ಕ ಕೊಟ್ಟಿರುವಾಗ ಮೊಂಡು ಕತ್ತಿಯವನಿಗೆ ಸಂಜೆಯಾದರೂ ಲೆಕ್ಕ ಮುಗಿಯದು, ಹೆಸರು ಅರ್ಧ ದಿನಕ್ಕೆ ಬೀಳುವುದು. ಕಮ್ಮಾರನ ಅರ್ಧ ಗಂಟೆಯ ಕೆಲಸದಲ್ಲಿ ನಮ್ಮ ಅರ್ಧ ದಿನದ ಕೂಲಿ ಇತ್ತು ಎಂಬುದನ್ನು ಮಕ್ಕಳು ತಿಳಿಯಬೇಕು.

ನಾವಿದ್ದ ಒಂದು ತೋಟದಲ್ಲಿ ಫ್ಯಾಕ್ಟರಿಯ ಹಿಂದೆ ಒಬ್ಬ ಆಚಾರಿ ಇದ್ದರು. ವಯಸ್ಸಾಗಿ ಅವರು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ರಜದ ದಿನ ಬಸ್ ಚಾರ್ಜು ಕೊಟ್ಟು ಪೇಟೆಗೆ ಹೋಗಿ, ಕೈಯಿಂದ ಹಣ ತೆತ್ತು, ತೋಟದ ಕೆಲಸಕ್ಕಾಗಿ ನಾವೇ ಕತ್ತಿ ತಟ್ಟಿಸಿಕೊಂಡು ಬಂದೆವು. ಸಮುವೇಲನ ಮೊದಲನೆಯ ಪುಸ್ತಕದ 13ನೆಯ ಅಧ್ಯಾಯದಲ್ಲಿ ಇಸ್ರಾಯೇಲರ ನಾಡಿನಲ್ಲಿ ಕಮ್ಮಾರನೇ ಇಲ್ಲದೆ, ಅವರು ನೇಗಿಲಿನ ಗುಳವನ್ನೂ ಕೊಡಲಿಯನ್ನೂ ಹರಿತ ಮಾಡಿಸಲು ಫಿಲಿಷ್ಟಿಯರ ಬಳಿಗೆ ಇಳಿದು ಹೋಗಿ ಹಣ ತೆರಬೇಕಾಗಿತ್ತೆಂಬ ಸಂಗತಿ ಇದೆ. ಆ ಭಾಗವನ್ನು ಆರಾಧನೆಯಲ್ಲಿ ಓದಿದಾಗ ಹಿಂದಿನ ಬೆಂಚಿನಲ್ಲಿ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಬರೆದುಕೊಟ್ಟೆವು. ಎರಡು ಸಲ ಉತ್ತರವಿಲ್ಲ, ಮೂರನೆಯ ಸಲ ಅರವನ್ನೂ ಸಾಣೆಕಲ್ಲನ್ನೂ ಕೊಟ್ಟರು. ಅದರಿಂದ ಬಾಯಿ ಹರಿತವಾಗುತ್ತದೆ, ಹೋದ ಹದ ಬರುವುದಿಲ್ಲ. ಆದರೂ ಬಸ್ ಚಾರ್ಜು ಉಳಿಯಿತು.

ಈಗ ಅನೇಕ ತೋಟಗಳಲ್ಲಿ ಯಂತ್ರವೇ ಗಿಡ ಕಡಿಯುತ್ತದೆ. ಹಳೇ ಕತ್ತಿಗಳು ಲೈನು ಮನೆಗಳ ಮಾಡಿನ ಸಂದಿಯಲ್ಲಿ ತುಕ್ಕು ಹಿಡಿದಿವೆ. ಹಳೇ ಕಬ್ಬಿಣದವನಿಗೆ ತೂಕಕ್ಕೆ ಹಾಕುವ ಮೊದಲು ಹಿಡಿಯ ಹತ್ತಿರ ಉಜ್ಜಿ ನೋಡಿರಿ. ನಮ್ಮ ಆಚಾರಿ ಅಲ್ಲಿ ಉಳಿಯಿಂದ ಮೂರು ಚುಕ್ಕಿ ಇಡುತ್ತಿದ್ದರು. ಅಂಥದ್ದು ಸಿಕ್ಕಿದರೆ ಮುಂದಿನ ಕೂಟಕ್ಕೆ ತನ್ನಿರಿ. ಅದು ಯಾರ ಕೈಯಲ್ಲಿತ್ತು, ಯಾವ ಊರಿನಿಂದ ಬಂತು ಎಂಬುದನ್ನು ಮನೆಯ ಅಜ್ಜಿಯರನ್ನು ಕೇಳಿಕೊಂಡು ಬನ್ನಿರಿ.