ಬುಟ್ಟಿ ಇಳಿದ ಮೇಲೆ



ಒಬ್ಬರ ಮಲವನ್ನು ಇನ್ನೊಬ್ಬರು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊರುವುದು ಇನ್ನು ಕೂಡದು ಎಂದು ನಮ್ಮ ರಾಜ್ಯದಲ್ಲಿ ಆದೇಶವಾಗಿ ಅರ್ಧ ಶತಮಾನ ಕಳೆಯಿತು. ಅದು 1970ರ ದಶಕದ ಆರಂಭ. ದೇವರಾಜ ಅರಸು ಮುಖ್ಯಮಂತ್ರಿ, ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರು. ಆ ಆದೇಶಕ್ಕೆ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ: ಎರಡು ಬೀದಿಗಳ ಮನೆಗಳ ಹಿತ್ತಿಲು ಕೂಡುವಲ್ಲಿ ಒಂದು ಕಿರಿದಾದ ಗಲ್ಲಿ ಇರುತ್ತದೆ. ಅದನ್ನು ಕನ್ಸರ್ವೆನ್ಸಿ ಗಲ್ಲಿ ಎನ್ನುತ್ತಾರೆ. ಮೈಸೂರಿನ ಹಳೆಯ ಬಡಾವಣೆಗಳಲ್ಲೂ ಇದೆ. ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳಬಾರದವರು ಹಿಂದಿನಿಂದ ಬಂದು, ಕಕ್ಕಸಿನ ಹಿಂಬದಿಯ ಕಿಂಡಿಯಿಂದ ಮಲವನ್ನು ಬಾಚಿಕೊಂಡು ಹೋಗಲೆಂದು ಬಿಟ್ಟ ದಾರಿ ಅದು. ಪ್ಲೇಗಿನ ಭಯದಲ್ಲಿ ಗಾಳಿ, ಬೆಳಕು, ಅಗಲ ರಸ್ತೆ ಎಂದು ಅಷ್ಟೊಂದು ಯೋಚಿಸಿ ಊರು ಬೆಳೆಸಿದ ಕಾಲದಲ್ಲೇ ಅಸ್ಪೃಶ್ಯತೆಗೂ ನಕ್ಷೆಯಲ್ಲಿ ಜಾಗ ಸಿಕ್ಕಿತು. ಇದನ್ನು ಹಳೆಯ ರೂಢಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಾಗದು. ಅಳತೆ ಮಾಡಿ, ಗೆರೆ ಎಳೆದು, ಸರ್ಕಾರದ ಹಣದಲ್ಲಿ ಕಟ್ಟಿದ್ದು ಅದು.

ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, 1949ರಲ್ಲಿ, ಮುಂಬಯಿ ಸರ್ಕಾರ ಈ ಕೆಲಸಗಾರರ ಸ್ಥಿತಿ ತಿಳಿಯಲು ಬರ್ವೆ ಸಮಿತಿಯನ್ನು ನೇಮಿಸಿತು. ಆಗ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮರುವರ್ಷ ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕೇಂದ್ರ ಸರ್ಕಾರ ಮಲ್ಕಾನಿ ಸಮಿತಿ ಮಾಡಿತು. ಸಮಿತಿಗಳು ಬಂದವು, ವರದಿಗಳು ಬಂದವು. ಬುಟ್ಟಿ ತಲೆಯ ಮೇಲೇ ಇತ್ತು.

ಅದನ್ನು ಇಳಿಸಲು ಹೊರಟವರು ಬಸವಲಿಂಗಪ್ಪನವರು. ದಲಿತ ಮನೆಯಲ್ಲಿ ಹುಟ್ಟಿ, ವಕೀಲರಾಗಿ, ರಾಜಕಾರಣಕ್ಕೆ ಬಂದವರು. ಪುರಸಭೆಗಳನ್ನು ನೋಡಿಕೊಳ್ಳುವ ಖಾತೆ ಕೈಗೆ ಬಂದಾಗ ಅವರು ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಸಂಸತ್ತು ಕಾನೂನು ಮಾಡುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು. ಈ ಆದೇಶದ ಬಲ ಎಲ್ಲಿತ್ತೆಂದರೆ, ಮಲ ಹೊರಿಸುತ್ತಿದ್ದವರಿಗೇ ಅದು ನೇರವಾಗಿ ತಾಕಿತು. ಹೊರಿಸುತ್ತಿದ್ದದ್ದು ಪುರಸಭೆ, ಆಜ್ಞೆ ಹೋದದ್ದೂ ಪುರಸಭೆಗೆ. 1973ರಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತು ಬೂಸಾ ಪ್ರಕರಣವಾಗಿ, ಮಂತ್ರಿಗಿರಿ ಬಿಡಬೇಕಾಯಿತು. ಕನ್ನಡನಾಡು ಬೂಸಾ ಪ್ರಕರಣವನ್ನು ನೆನಪಿಟ್ಟುಕೊಂಡಿದೆ. ಬಸವಲಿಂಗಪ್ಪನವರ ಅದಕ್ಕಿಂತ ದೊಡ್ಡ ಕೆಲಸ ಈ ಆದೇಶ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕು, ಸಂಬಳ, ವಸತಿಗಳನ್ನು ಪರಿಶೀಲಿಸಿತು. ಇಷ್ಟು ಜನಸಂಖ್ಯೆಗೆ ಇಷ್ಟು ಮಂದಿ ಇರಲೇಬೇಕು ಎಂದು ಕಾರ್ಮಿಕ ಸಂಘಗಳು ವಾದಿಸುವಾಗ ಇಂದಿಗೂ ಮುಂದಿಡುವುದು ಸಾಲಪ್ಪ ವರದಿಯನ್ನೇ.

ತಲೆಯ ಹೊರೆ ಇಳಿದರೂ ಒಣ ಕಕ್ಕಸು ಹೋಗಲಿಲ್ಲ. ಬುಟ್ಟಿಯ ಬದಲು ಕೈಗಾಡಿ ಬಂದ ಕಡೆಗಳಲ್ಲೂ ಬಾಚುವ ಕೈ ಅದೇ ಆಗಿತ್ತು. ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸಿ, 1902ರಲ್ಲೇ ಅಷ್ಟು ದೂರದಿಂದ ಕೆ.ಜಿ.ಎಫ್.ಗೆ ತಂತಿ ಎಳೆದರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಗಣಿ ಕಾರ್ಮಿಕರ ಸಾಲುಮನೆಗಳಿಗೆ ಮಾತ್ರ ಒಣ ಕಕ್ಕಸು, ಅದನ್ನು ಬಾಚಲು ಒಂದು ಜಾತಿಯ ಜನ. ತಂತ್ರಜ್ಞಾನ ಇರಲಿಲ್ಲ, ದುಡ್ಡು ಇರಲಿಲ್ಲ ಎಂಬ ಮಾತು ಕೆ.ಜಿ.ಎಫ್.ನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಅಂಥದೇ ಒಂದು ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಹುಟ್ಟಿದೂರಿನ ಕಕ್ಕಸುಗಳಿಂದಲೇ ಅವರು ಹೋರಾಟ ಶುರುಮಾಡಿದರು. ಮುಂದೆ ಅದು ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆಲ್ಲ ಹರಡಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1993ರಲ್ಲಿ ಸಂಸತ್ತು ಮೊದಲ ಕಾನೂನು ಮಾಡಿತು. ಈ ಕಾನೂನು ಯಾಕೆ ಕೆಲಸ ಮಾಡಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಲ ಹೊರುವುದನ್ನು ಸಂಸತ್ತು ನೈರ್ಮಲ್ಯದ ವಿಷಯ ಎಂದು ಕಂಡಿತು. ನೈರ್ಮಲ್ಯ ರಾಜ್ಯಗಳ ಪಟ್ಟಿಯಲ್ಲಿದೆ. ಹಾಗಾಗಿ ಮೊದಲು ಕೋರಿದ ಆರು ರಾಜ್ಯಗಳಿಗೆ ಮಾತ್ರ ಅದು ಅನ್ವಯ. ಉಳಿದ ರಾಜ್ಯಗಳು ತಮ್ಮ ವಿಧಾನಮಂಡಲದಲ್ಲಿ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಕರ್ನಾಟಕ ಆ ಮೊದಲ ಆರರಲ್ಲಿತ್ತು. ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಇನ್ನೂ ದೊಡ್ಡ ತೊಡಕು ಮುಂದಿತ್ತು: ಬಾಧಿತರು ತಾವೇ ನ್ಯಾಯಾಲಯಕ್ಕೆ ಹೋಗಿ ಮೊಕದ್ದಮೆ ಹೂಡುವಂತಿರಲಿಲ್ಲ. ಕಾನೂನು ಜಾರಿಮಾಡುವ ಅಧಿಕಾರಿಯ ಕಡೆಯಿಂದಲೇ ದೂರು ಹೋಗಬೇಕಿತ್ತು. ತನ್ನ ಕೈಕೆಳಗಿನ ಪುರಸಭೆಯ ಮೇಲೆ, ತನ್ನದೇ ಆಡಳಿತದ ಮೇಲೆ ಯಾವ ಅಧಿಕಾರಿ ದೂರು ಕೊಟ್ಟಾನು? 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು.

ಆ ಮೊಕದ್ದಮೆ ನಡೆಯುತ್ತಿರುವಾಗಲೇ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಡೆದದ್ದನ್ನು ಮರೆಯುವ ಹಕ್ಕು ನಮಗಿಲ್ಲ. ಮಲ ಬಾಚುತ್ತಿದ್ದ ಭಂಗಿ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಪುರಸಭೆ ಹೊರಟಿತ್ತು. ಮನವಿಗಳಿಗೆ ಕಿವಿ ಸಿಗದಾಗ ಅವರು ಪುರಸಭೆಯ ಕಚೇರಿಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಬಸವಲಿಂಗಪ್ಪನವರ ಆದೇಶವಾಗಿ ಮೂವತ್ತೈದು ವರ್ಷದ ಮೇಲಾಗಿತ್ತು. ಬರ್ವೆ ಸಮಿತಿಯ ಕಾಲದಲ್ಲಿ ಸವಣೂರು ಧಾರವಾಡ ಜಿಲ್ಲೆಗೆ, ಅಂದರೆ ಆ ಸಮಿತಿ ವಿಚಾರಿಸಿದ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು ಎಂಬುದು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ಸ್ಥಿತಿ ಯಾರಿಗೂ ತಿಳಿದಿರಲಿಲ್ಲ ಎನ್ನುವಂತೆಯೇ ಇಲ್ಲ. ಅರವತ್ತು ವರ್ಷಗಳಿಂದ ತಿಳಿದೇ ಇತ್ತು.

2013ರ ಹೊಸ ಕಾನೂನು ನಿಜಕ್ಕೂ ಒಂದು ಹೆಜ್ಜೆ ಮುಂದಿಟ್ಟಿತು. ಈ ಸಮುದಾಯಗಳಿಗೆ ಚರಿತ್ರೆಯಲ್ಲಿ ಅನ್ಯಾಯ, ಅವಮಾನ ಆಗಿದೆ, ಅದನ್ನು ಸರಿಪಡಿಸಬೇಕು ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ರಾಜ್ಯಗಳ ಒಪ್ಪಿಗೆಗೆ ಕಾಯದೆ, ಆಗ ಜಮ್ಮು-ಕಾಶ್ಮೀರವೊಂದನ್ನು ಬಿಟ್ಟು, ದೇಶಕ್ಕೆಲ್ಲ ಅನ್ವಯಿಸಿತು. ಒಣ ಕಕ್ಕಸಿನ ಜೊತೆಗೆ ತೆರೆದ ಚರಂಡಿ, ಮಲದ ಗುಂಡಿ, ರೈಲು ಹಳಿಗಳನ್ನೂ ಸೇರಿಸಿತು. ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಇಳಿಸಿದವರಿಗೆ ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಸರ್ಕಾರ ಹೇಳಿದ ರಕ್ಷಣಾ ಸಾಧನ ಕೊಟ್ಟರೆ ಆ ಕೆಲಸ ಮಾಡುವವರು ಮಲ ಬಾಚುವವರ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಅದೇ ಕಾನೂನಿನಲ್ಲಿದೆ. ಒಂದು ಜೊತೆ ಕೈಗವಸು ತೋರಿಸಿ ತಪ್ಪಿಸಿಕೊಳ್ಳಲು ಇಷ್ಟು ಸಂದು ಸಾಕು.

2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದೀಚೆಗೆ ಗುಂಡಿಗಿಳಿದು ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಇಂಥ ಸಾವುಗಳ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ಸಾವು ಹೇಗೆ ಬರುತ್ತದೆ? ಮುಚ್ಚಿದ ಗುಂಡಿಯಲ್ಲಿ ಮಲ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ತುಂಬಿರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದಾಗ ಮೂಗಿಗೆ ಆ ನಾತವೂ ತಿಳಿಯದಂತೆ ಮಾಡುತ್ತದೆ. ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ. ಮೇಲಿದ್ದ ಜೊತೆಗಾರ, ಎಷ್ಟೋ ಸಲ ತಮ್ಮನೋ ಮಗನೋ ಆದವನು, ಎತ್ತಲೆಂದು ಧಾವಿಸಿ ತಾನೂ ಬೀಳುತ್ತಾನೆ. ಪತ್ರಿಕೆಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಬರುವುದು ಇದಕ್ಕೇ. ಈಗ ಅಪಾರ್ಟ್‌ಮೆಂಟುಗಳ ಕೊಳಚೆ ನೀರು ಶುದ್ಧೀಕರಣ ಘಟಕಗಳಲ್ಲೂ ಹೀಗೇ ಸಾಯುತ್ತಿದ್ದಾರೆ.

ಇನ್ನು ಬೀದಿ ಗುಡಿಸುವ ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಗುತ್ತಿಗೆ ಪದ್ಧತಿ ಬಂದ ಮೇಲೆ ಸಂಬಳ ಗುತ್ತಿಗೆದಾರನ ಕೈಗೆ, ಹಾಜರಾತಿ ಮೇಸ್ತ್ರಿಯ ಕೈಗೆ ಹೋಯಿತು. ತಪ್ಪು ಯಾರದೆಂದು ಕೇಳಿದರೆ ಪಾಲಿಕೆ ಗುತ್ತಿಗೆದಾರನನ್ನು ತೋರಿಸುವುದು ಸುಲಭವಾಯಿತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಧರಣಿ ಕೂತರು. ಆಮೇಲೆ ಸಂಪುಟ 11,133 ಮಂದಿಯ ಕಾಯಮಾತಿಗೆ ಒಪ್ಪಿತು. ಊರು ನಾಲ್ಕು ದಿನ ನಾರಿದ ಮೇಲೆ ಸಿಕ್ಕಿದ ನ್ಯಾಯ ಇದು. ಕಸದ ಲಾರಿಯ ಚಾಲಕರು, ಸಹಾಯಕರು, ಒಳಚರಂಡಿ ಕಾರ್ಮಿಕರು ಕೂಡ ಅದನ್ನೇ ಕೇಳುತ್ತಿದ್ದಾರೆ, ಅವರಿಗೂ ಅದು ಸಲ್ಲಬೇಕು.

ಐವತ್ತು ವರ್ಷಗಳ ಈ ದಾರಿಯಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಮಾಡಿಸಿದವರೇ ಹೊಣೆ ಹೊರಬೇಕಾಗಿ ಬಂದಾಗ ಮಾತ್ರ ಬದಲಾವಣೆ ಆಗಿದೆ. ಹೊಣೆ ಕೈಯಿಂದ ಕೈಗೆ ಜಾರಿದಾಗಲೆಲ್ಲ ಅದು ನಿಂತುಹೋಗಿದೆ. ಮಾಡಿಸುವವರಲ್ಲಿ ನಾವೂ ಇದ್ದೇವೆ. ಮನೆಯ ಗುಂಡಿ ತುಂಬಿದಾಗ ಕರೆ ಮಾಡುವವರು ನಾವೇ.

ಆದ್ದರಿಂದ ಕೇಳುಗರಲ್ಲಿ ನನ್ನ ಬೇಡಿಕೆ ಇಷ್ಟು. ಗುಂಡಿ ತುಂಬಿದರೆ ಹೀರುವ ಯಂತ್ರದ ಲಾರಿಯನ್ನೇ ಕರೆಸಿ. ತಳದಲ್ಲಿ ಗಟ್ಟಿ ಉಳಿದಿದೆ, ಒಬ್ಬ ಇಳಿದರೆ ಬೇಗ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ, ಬೇಡ ಎನ್ನಿ. ಅವರೇ ಇಳಿಯುತ್ತೇನೆಂದರೂ ಬಿಡಬೇಡಿ. ನಿಮ್ಮ ಬೀದಿಯಲ್ಲಿ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಕಂಡರೆ ಅಲ್ಲೇ ತಡೆಯಿರಿ, ಪೊಲೀಸರಿಗೆ ತಿಳಿಸಿ. 2013ರ ಕಾನೂನಿನ 7ನೇ ಕಲಮಿನ ನಿಷೇಧ ಪಾಲಿಕೆಗೆ, ಗುತ್ತಿಗೆದಾರನಿಗೆ ಹೇಗೋ ಮನೆಯ ಯಜಮಾನನಿಗೂ ಹಾಗೆಯೇ ಅನ್ವಯಿಸುತ್ತದೆ.