ಹಾರುವ ಮಗನಿಗೆ ಕಟ್ಟಿದ ಭಾರ

ಹಿರಿಯರಿಂದ ಕಿರಿಯರಿಗೆ ಬರುವ ಆಸ್ತಿಯನ್ನು ನಮ್ಮ ಧರ್ಮಶಾಸ್ತ್ರಕಾರರು ‘ದಾಯ’ ಎಂದು ಕರೆದರು. ಹೊಲಮನೆಗಳ ದಾಯಕ್ಕೆ ಪತ್ರವುಂಟು, ಸಾಕ್ಷಿಗಳುಂಟು, ವ್ಯಾಜ್ಯ ಹುಟ್ಟಿದರೆ ನ್ಯಾಯಸ್ಥಾನವೂ ಉಂಟು. ತಂದೆಯ ಮುಂಗೋಪ, ತಾಯಿಯ ಕಂಠ, ಅಜ್ಜನ ಹಟ, ಇವು ಪತ್ರವಿಲ್ಲದೆ ಬರುವ ದಾಯಗಳು. ಇವುಗಳ ವಿಷಯವನ್ನು ಮಗುವಿಗೆ ಯಾರು ಹೇಳಬೇಕು, ಎಂದು ಹೇಳಬೇಕು? ಈ ಪ್ರಶ್ನೆಯನ್ನು ಸೊಗಸಾಗಿ ಎತ್ತಿರುವ ಒಂದು ಧಾರಾವಾಹಿ ನಾಟಕದ ವಿಚಾರವನ್ನು ವಾಚಕರ ಮುಂದಿಡುವುದು ಇಂದಿನ ನನ್ನ ಉದ್ದೇಶ.

ನಾಟಕದ ಹೆಸರು ‘ಮೂವಿಂಗ್’. ದೇಶ ದಕ್ಷಿಣ ಕೊರಿಯ. ಕಾಂಗ್ ಫುಲ್ ಎಂಬ ಲೇಖಕರು 2015ರಲ್ಲಿ ಅಂತರಜಾಲದಲ್ಲಿ ಚಿತ್ರಕಥೆಯಾಗಿ ಪ್ರಕಟಿಸಿದ ಕೃತಿಯನ್ನು ತಾವೇ ನಾಟಕರೂಪಕ್ಕೆ ತಂದರು. 2023ರ ಆಗಸ್ಟ್ 9ರಂದು ಡಿಸ್ನಿ ಪ್ಲಸ್ ವಾಹಿನಿಯಲ್ಲಿ ಮೊದಲಾಗಿ 20 ಕಂತುಗಳಲ್ಲಿ ಅದು ಮುಗಿಯಿತು. ಆ ದೇಶದ ಬೇಕ್‌ಸಾಂಗ್ ಕಲಾ ಪ್ರಶಸ್ತಿಗಳಲ್ಲಿ, 2024ರಲ್ಲಿ, ದೂರದರ್ಶನ ವಿಭಾಗದ ಅತ್ಯುನ್ನತ ಪ್ರಶಸ್ತಿ ಇದಕ್ಕೆ ಸಂದಿತು.

ಅಮಾನುಷ ಶಕ್ತಿಯುಳ್ಳ ವೀರರ ಕಥೆಯೆಂದರೆ ಬಣ್ಣದ ಉಡುಗೆ, ಲೋಕವನ್ನೇ ನುಂಗಹೊರಟ ಖಳ, ಇವು ನೆನಪಿಗೆ ಬರುತ್ತವೆ. ಇಲ್ಲಿಯ ವೀರರೋ ಸಾಮಾನ್ಯ ಸಂಸಾರಿಗಳು. ಒಬ್ಬ ತಾಯಿ ಹೋಟೆಲು ನಡೆಸುತ್ತಾಳೆ. ಒಬ್ಬ ತಂದೆ ಕೋಳಿ ಕರಿದು ಮಾರುತ್ತಾನೆ. ಇನ್ನೊಬ್ಬ ತಂದೆ ತನ್ನ ಪುಟ್ಟ ಅಂಗಡಿಯ ಮುಂದೆ ಕುಳಿತು, ಶಾಲೆಯಿಂದ ಮಗ ಬರುವ ದಾರಿಯನ್ನು ಕಾಯುತ್ತಾನೆ. ಇವರೆಲ್ಲರೂ ಒಂದು ಕಾಲಕ್ಕೆ ಸರಕಾರದ ಗುಪ್ತಚರ ಇಲಾಖೆಯ ಕಣ್ಣಿಗೆ ಬಿದ್ದವರು. ಕೆಲವರು ಅದರಲ್ಲೇ ದುಡಿದು, ಅದರಿಂದ ತಪ್ಪಿಸಿಕೊಂಡವರು.

ಹೋಟೆಲಿನ ತಾಯಿ ಮಿ-ಹ್ಯೂನಳಿಗೆ ಬಹು ದೂರದ ಸದ್ದೂ ಕೇಳುತ್ತದೆ. ಗಂಡ ದೂ-ಶಿಕ್ ಆಕಾಶದಲ್ಲಿ ಹಾರಬಲ್ಲವನು, ಈಗ ಮನೆಯಲ್ಲಿಲ್ಲ. ಮಗ ಬಾಂಗ್-ಸೊಕ್ ತಂದೆಯ ಶಕ್ತಿಯನ್ನು ಪಡೆದು ಹುಟ್ಟಿದ್ದಾನೆ. ತೊಟ್ಟಿಲ ವಯಸ್ಸಿನಲ್ಲೇ ಮೇಲಕ್ಕೇಳುವ ಕೂಸನ್ನು ನೆಲದ ಮೇಲೆ ಉಳಿಸುವುದು ಹೇಗೆ? ಆಕೆ ಅವನಿಗೆ ಹೊಟ್ಟೆ ತುಂಬಾ ಉಣ್ಣಿಸಿ ಮೈ ಭಾರವಾಗುವಂತೆ ಮಾಡುತ್ತಾಳೆ. ದೊಡ್ಡವನಾದ ಮೇಲೂ ಅವನ ಕಾಲಿಗೆ ಮರಳಿನ ಪಟ್ಟಿ, ಬೆನ್ನಿಗೆ ಭಾರದ ಚೀಲ. ಮನಸ್ಸು ಹಿಗ್ಗಿದರೆ ಸಾಕು, ಹುಡುಗನ ಕಾಲು ನೆಲ ಬಿಡುತ್ತದೆ. ಆದುದರಿಂದ ಅವನು ಗಣಿತದ ಮೊರೆಹೊಕ್ಕು, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು 3.14ರಿಂದ ತೊಡಗಿ ಜಪದಂತೆ ಹೇಳಿಕೊಂಡು ತನ್ನ ಸಂತೋಷವನ್ನು ಇಳಿಸಿಕೊಳ್ಳುತ್ತಾನೆ. ನೋಡುವವರಿಗೆ ಇದು ನಗೆ ತರಿಸುತ್ತದೆ. ಆದರೆ ತಾಯಿಗೆ ಹೆದರಿಕೆಯಾಗಬಾರದೆಂದು ತನ್ನ ಸಂತೋಷವನ್ನೇ ಅಡಗಿಸಿಕೊಳ್ಳುವ ಮಕ್ಕಳು ನಮ್ಮ ನಮ್ಮ ಮನೆಗಳಲ್ಲಿ ಇಲ್ಲವೆ? ವಾಚಕರು ತಮ್ಮನ್ನೇ ಕೇಳಿಕೊಳ್ಳಲಿ.

ಬಾಂಗ್-ಸೊಕ್ಕನ ಸಹಪಾಠಿ ಹೀ-ಸೂ ಎಂಬ ಹುಡುಗಿಗೆ ಎಂಥ ಗಾಯವಾದರೂ ಬೇಗ ಮಾಯುತ್ತದೆ. ಅದು ತನಗಿರುವ ಗುಣವೆಂದು ತಿಳಿದದ್ದು, ದುರ್ಬಲಳೊಬ್ಬಳನ್ನು ಪೀಡಿಸುತ್ತಿದ್ದವರ ಎದುರು ಅವಳು ನಿಂತ ದಿನ. ಅವಳ ತಂದೆಯೂ ಹಾಗೆಯೇ ಗಾಯ ಮಾಯುವ ಮೈಯವನು. ಗಾಯ ಬೇಗ ಮಾಯುವುದೆಂದರೆ ನೋವಿಲ್ಲವೆಂದು ಅರ್ಥವಲ್ಲ ಎಂಬುದನ್ನು ಆ ತಂದೆಯ ಬಾಳನ್ನು ತೋರಿಸುವ ಕಂತುಗಳು ಮನಗಾಣಿಸುತ್ತವೆ.

ನಾಟಕದ ಕಟ್ಟಡವೂ ವಿಚಾರಾರ್ಹವಾಗಿದೆ. ಮೊದಲ 7 ಕಂತುಗಳು ಮಕ್ಕಳವು. ಅನಂತರ ಕಥೆ ಹಿಂದಕ್ಕೆ ಸರಿದು ತಂದೆತಾಯಿಗಳ ಯೌವನಕ್ಕೆ ಹೋಗುತ್ತದೆ. ಹೋಟೆಲಿಗೆ ‘ನಾಮ್‌ಸಾನ್’ ಎಂಬ ಗುಡ್ಡದ ಹೆಸರು ಏಕೆ ಬಂತೆಂಬುದು ಆಗ ನಮಗೆ ಗೊತ್ತಾಗುತ್ತದೆ. ದಂಪತಿಗಳ ಪ್ರೇಮ ಬೆಳೆದ ಸ್ಥಳ ಅದು. ಮಗ ದಿನವೂ ಆ ಹೆಸರಿನ ಹಲಗೆಯ ಕೆಳಗೇ ಓಡಾಡುತ್ತಾನೆ. ಮಕ್ಕಳು ತಂದೆತಾಯಿಗಳನ್ನು ಅರಿಯುವುದು ಯಾವಾಗಲೂ ಹೀಗೆ, ತಡವಾಗಿ.

ಕೊರಿಯದ ಇತಿಹಾಸ ಇದರ ಬೆನ್ನಿಗಿದೆ. 1950ರಿಂದ 1953ರವರೆಗೆ ನಡೆದ ಯುದ್ಧ ಕದನವಿರಾಮದಲ್ಲಿ ನಿಂತಿತೇ ಹೊರತು ಶಾಂತಿಯ ಒಪ್ಪಂದವಾಗಲಿಲ್ಲ. ಎರಡು ಕಡೆಯವರೂ ಶಕ್ತಿವಂತರನ್ನು ಆಯುಧಗಳೆಂದು ಎಣಿಸುತ್ತಾರೆ. ಉತ್ತರದಿಂದ ಶತ್ರುಗಳಾಗಿ ಬಂದವರ ಹಿಂದಿನ ಕಥೆಯನ್ನೂ ಹೇಳಿ, ಅವರೂ ಬಲವಂತಕ್ಕೆ ಸಿಕ್ಕವರೆಂದು ತೋರಿಸಿರುವುದು ಲೇಖಕರ ಔದಾರ್ಯ.

ಉಪಾಧ್ಯಾಯನಾದ ನನ್ನನ್ನು ಬಹುವಾಗಿ ಕಾಡಿದ ಪಾತ್ರ ಬೇರೊಂದು. ಆ ಮಕ್ಕಳ ತರಗತಿಯ ಉಪಾಧ್ಯಾಯ ಗುಪ್ತಚರ ಇಲಾಖೆಯವನು. ಯಾವ ಮಗುವಿನಲ್ಲಿ ಯಾವ ಶಕ್ತಿಯಿದೆಯೆಂದು ಬರೆದಿಡುವುದು ಅವನ ಗುಟ್ಟಿನ ಕೆಲಸ. ಮಗುವಿನ ಪ್ರತಿಭೆಯನ್ನು ಗುರುತಿಸುವುದು ನಮ್ಮ ಧರ್ಮವೇ ಸರಿ. ಆದರೆ ಯಾರಿಗಾಗಿ ಗುರುತಿಸುತ್ತೇವೆ? ಮಗುವಿಗಾಗಿಯೋ, ಅದನ್ನು ಉಪಯೋಗಿಸಿಕೊಳ್ಳಲು ಕಾದಿರುವವರಿಗಾಗಿಯೋ? ಅವನ ಮನಸ್ಸು ಕೊನೆಗೆ ಮಕ್ಕಳ ಕಡೆಗೆ ತಿರುಗುತ್ತದೆ. ಗಾಂಗ್-ಹೂನ್ ಎಂಬ ಇನ್ನೊಬ್ಬ ಹುಡುಗನಾದರೋ ತಂದೆಯ ಮೇಲಿದ್ದ ಅಪರಾಧದ ಕಳಂಕವನ್ನು ತೊಡೆಯುವುದಕ್ಕಾಗಿ ಇಲಾಖೆಯ ಸೇವೆಗೆ ತನ್ನನ್ನೇ ಒಪ್ಪಿಸಿಕೊಳ್ಳುತ್ತಾನೆ. ದಾಯದ ಜೊತೆಗೆ ಋಣವೂ ಬರುತ್ತದೆ.

ಕರ್ಣನ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಹುಟ್ಟುತ್ತಲೇ ಕವಚವನ್ನು ತೊಟ್ಟುಬಂದವನಲ್ಲಿಗೆ ಅದನ್ನು ಬೇಡುವುದಕ್ಕೆ ಒಬ್ಬ ಇಂದ್ರ ಬಂದೇ ಬರುತ್ತಾನೆ. ತನ್ನ ಹುಟ್ಟಿನ ಸತ್ಯವನ್ನು ಕರ್ಣ ಕೇಳಿದ್ದು ಯುದ್ಧ ಹತ್ತಿರವಾದಾಗ. ಹೇಳಿದ ಕೃಷ್ಣನಿಗಾಗಲಿ ಕುಂತಿಗಾಗಲಿ ಆಗ ಬೇರೊಂದು ಪ್ರಯೋಜನವಿತ್ತು. ಮನೆಯವರು ಸಕಾಲದಲ್ಲಿ ಹೇಳದುದನ್ನು ಅಕಾಲದಲ್ಲಿ, ಸ್ವಾರ್ಥವುಳ್ಳವರು ಹೇಳುತ್ತಾರೆ. ಮಿ-ಹ್ಯೂನಳ ಭಯ ನ್ಯಾಯವಾದದ್ದು. ಆದರೂ ಭಾರ ಕಟ್ಟುವುದು ಕೂಸಿಗೆ ರಕ್ಷೆ, ಹದಿನೆಂಟರ ಹುಡುಗನಿಗೆ ಬಂಧನ.

ನಾಟಕದಲ್ಲಿ ಹೊಡೆದಾಟ ಅತಿಯಾಗಿದೆ, ರಕ್ತವೂ ಹೆಚ್ಚಾಗಿ ಹರಿಯುತ್ತದೆ. ಚಿಕ್ಕ ಮಕ್ಕಳಿಗೆ ತೋರಿಸತಕ್ಕುದಲ್ಲ. ಹಿರಿಯರು ಮಾತ್ರ ನೋಡಬೇಕು. ಮನುಷ್ಯನ ನಿಜವಾದ ಶಕ್ತಿ ಇತರರ ಮನಸ್ಸನ್ನು ಅರಿಯುವುದು ಎಂಬ ಅರ್ಥದ ಮಾತನ್ನು ಆ ತಾಯಿ ಮಗನಿಗೆ ಹೇಳುತ್ತಾಳೆ. ಹಾರುವುದನ್ನು ತಂದೆಯಿಂದ ಪಡೆದವನಿಗೆ ಇದು ತಾಯಿಯ ಕಡೆಯ ದಾಯ. ನಮ್ಮ ಮಕ್ಕಳ ಕಾಲಿಗೆ ನಾವು ಕಟ್ಟಿರುವ ಭಾರ ಯಾವುದು, ಏತಕ್ಕಾಗಿ ಕಟ್ಟಿದೆವು, ಅದನ್ನು ಬಿಚ್ಚುವ ದಿನ ಬಂದಿದೆಯೆ ಎಂಬುದನ್ನು ಅವರನ್ನು ಹತ್ತಿರ ಕೂರಿಸಿಕೊಂಡು ನಾವೇ ಹೇಳುವುದು ಒಳ್ಳೆಯದು.