ಹೇಳಿಕೊಳ್ಳುವುದು ಬೇರೆ, ಬಯಲಿಗೆಳೆಯುವುದು ಬೇರೆ

(ಕಾರ್ಮಿಕರ ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಿಗೆ ಎತ್ತಿಕೊಂಡಿರುವುದು ಹದಿಹರೆಯದವರಿಗಾಗಿ ಬರೆದ ಕೆಲವು ಕಾದಂಬರಿಗಳ ವಿಷಯ. ಅವು ಹುಟ್ಟಿದ್ದು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ. ಅವುಗಳಲ್ಲಿ ಬರುವವರು ಶಾಲೆಯ ಆಟಗಾರರು. ಒಬ್ಬ ಬ್ಯಾಸ್ಕೆಟ್‌ಬಾಲಿನವನು, ಒಬ್ಬ ಅಮೆರಿಕದ ಫುಟ್‌ಬಾಲಿನವನು, ಇನ್ನೊಬ್ಬ ರಗ್ಬಿಯವನು. ಮೂವರ ಮನಸ್ಸೂ ಒಲಿದಿರುವುದು ತಮ್ಮಂತಹ ಇನ್ನೊಬ್ಬ ಹುಡುಗನಿಗೆ. ಇದನ್ನು ಮನೆಯವರಿಗೆ, ತಂಡದವರಿಗೆ ಹೇಳುವುದೇ, ಹೇಳದಿರುವುದೇ? ಹೇಳಿದರೆ ಏನಾದೀತು? ಕಥೆಯೆಲ್ಲ ಇದರ ಸುತ್ತಲೇ.

ಗಿರಣಿಯ ಕೆಲಸಗಾರನಿಗೂ ಕಿರಾಣಿ ಅಂಗಡಿಯವನಿಗೂ ಇದರಿಂದ ಆಗಬೇಕಾದದ್ದೇನು ಎಂದು ನೀವು ಕೇಳಬಹುದು. ಆಗಬೇಕಾದದ್ದು ಇದೆ. ನಾವು ಮೊದಲು ಸೀಮೆಸುಣ್ಣ ಹಿಡಿದು ಪಾಠ ಹೇಳಿದವರು. ಸಂಜೆ ಬಯಲಿನಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಹುಡುಗರು ಯಾರ ಮಕ್ಕಳೆಂಬುದು ನಮಗೆ ಗೊತ್ತು. ಅವರು ನಿಮ್ಮ ಮಕ್ಕಳು. ತಂಡದಲ್ಲಿ ಅತ್ಯಂತ ಗಟ್ಟಿಗನಾದ ಹುಡುಗನೇ ಒಳಗೊಳಗೆ ಹೆದರಿ ಸಾಯುತ್ತಿರಬಹುದು. ಅದನ್ನು ತಿಳಿಯಲು ಈ ಪುಸ್ತಕಗಳು ಸಹಾಯಮಾಡುತ್ತವೆ. ಆದುದರಿಂದಲೇ ಈ ಮಾತು.

ಮೊದಲು ಸ್ವಲ್ಪ ಹಿಂದಿನ ಸಂಗತಿ. ಅಮೆರಿಕದಲ್ಲಿ ಹುಡುಗರಿಗಾಗಿ ಬರೆದ ಕಾದಂಬರಿಯೊಂದು ಈ ವಿಷಯವನ್ನು ಮೊದಲು ಮುಟ್ಟಿದ್ದು 1969ರಲ್ಲಿ ಎಂದು ಬಲ್ಲವರು ಹೇಳುತ್ತಾರೆ. ಬರೆದವರು ಜಾನ್ ಡೊನೊವನ್. ಅದರಲ್ಲಿ ಹದಿಮೂರು ವರ್ಷದ ಹುಡುಗನಿಗೂ ಅವನ ಸಹಪಾಠಿಗೂ ನಡುವೆ ಒಲವು ಮೊಳೆಯುತ್ತದೆ. ಅಷ್ಟರಲ್ಲಿ ಹುಡುಗ ಸಾಕಿದ ನಾಯಿ ಕಾರಿಗೆ ಸಿಕ್ಕಿ ಸಾಯುತ್ತದೆ. ತನ್ನ ಒಲವಿಗೆ ಬಂದ ಶಿಕ್ಷೆ ಇದು ಎಂದು ಹುಡುಗ ಕೊರಗುತ್ತಾನೆ. 1974ರಲ್ಲಿ ಪೆಟ್ರೀಷಿಯಾ ನೆಲ್ ವಾರನ್ ಎಂಬಾಕೆ ದೊಡ್ಡವರಿಗಾಗಿ ಬರೆದ ‘ದಿ ಫ್ರಂಟ್ ರನ್ನರ್’ ಎಂಬ ಕಾದಂಬರಿಯಲ್ಲಿ ನಾಯಕ ಒಬ್ಬ ಕಾಲೇಜಿನ ಓಟಗಾರ. ಒಲಿಂಪಿಕ್ಸಿನ ಓಟದ ನಡುವೆಯೇ ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅಂದಿನ ಕಥೆಗಳಲ್ಲಿ ಇಂಥವರ ದಾರಿ ಹೀಗೆ ಸಾವಿನ ಕಡೆಗೋ ಕೊರಗಿನ ಕಡೆಗೋ ಹೊರಳುತ್ತಿತ್ತು. ಓದುವ ಹುಡುಗ ಅದರಿಂದ ಕಲಿಯುತ್ತಿದ್ದ ಪಾಠವೇನು? ಬಾಯಿ ಮುಚ್ಚಿಕೊಂಡಿರು ಎಂಬುದೊಂದೇ.

ಕಾಲ ಬದಲಾಯಿತು. 2001ರಲ್ಲಿ ಅಲೆಕ್ಸ್ ಸ್ಯಾಂಚೆಜ್ ಎಂಬವರ ‘ರೇನ್‌ಬೋ ಬಾಯ್ಸ್’ ಬಂತು. ಅದರಲ್ಲಿ ಜೇಸನ್ ಎಂಬ ಹುಡುಗ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಹೆಮ್ಮೆ. ತಂದೆ ಕುಡುಕ, ಕೈ ಎತ್ತುವವನು. ತನ್ನಂಥ ಹುಡುಗರು ಸೇರುವ ಒಂದು ಸಭೆಗೆ ಹೋಗಲು ಜೇಸನ್ ಹೊರಡುತ್ತಾನೆ. ಒಳಗೆ ಕಾಲಿಡಲು ಧೈರ್ಯ ಸಾಲದೆ ಆ ಬೀದಿಯನ್ನು ಮತ್ತೆ ಮತ್ತೆ ಸುತ್ತುತ್ತಾನೆ. ಚೆಂಡು ಕೈಯಲ್ಲಿದ್ದಾಗ ಯಾರಿಗೂ ಬಗ್ಗದವನು ಒಂದು ಬಾಗಿಲಿನ ಮುಂದೆ ನಡುಗುತ್ತಾನೆ.

ಮುಂದಿನ ಭಾಗ 2003ರಲ್ಲಿ ಬಂತು. ಅಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಅಮೆರಿಕದಲ್ಲಿ ಒಳ್ಳೆಯ ಆಟಗಾರನಾದ ಹುಡುಗನಿಗೆ ಕಾಲೇಜಿನವರು ವಿದ್ಯಾರ್ಥಿವೇತನ ಕೊಡುವುದುಂಟು. ಅಲ್ಲಿಯ ಕಾಲೇಜಿನ ಖರ್ಚು ಕೂಲಿಯವನ ಕೈಗೆಟುಕುವಂಥದಲ್ಲ. ಬಡವರ ಹುಡುಗನಿಗೆ ಆ ವೇತನವೇ ಓದು, ಅದೇ ಅನ್ನ. ತನ್ನ ವಿಷಯ ತಂಡಕ್ಕೆ ಹೇಳಿದರೆ ಅದು ಕೈತಪ್ಪೀತು ಎಂಬ ಭಯ ಜೇಸನನನ್ನು ಕಾಡುತ್ತದೆ. ಇದು ಬರಿಯ ನಾಚಿಕೆಯ ಮಾತಲ್ಲ, ಸಂಗಾತಿಗಳೇ. ಇದು ಹೊಟ್ಟೆಯ ಮಾತು. ಕೆಲಸ ಹೋದೀತೆಂದು ನಿಜ ನುಂಗಿಕೊಂಡು ಪಾಳಿಗೆ ಹೋಗುವುದು ಎಂಥದೆಂದು ನಿಮಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

‘ಧೈರ್ಯವಿದ್ದರೆ ಹೇಳಿಬಿಡಲಿ’ ಎನ್ನುವವರಿದ್ದಾರೆ. ದಂಡೆಯ ಮೇಲೆ ನಿಂತವನಿಗೆ ಈಜು ಸುಲಭ. ಹೇಳಿದ ಮೇಲೆ ನಷ್ಟವಾದರೆ ಹೊರುವವನು ಹುಡುಗ. ಆದುದರಿಂದ ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು, ಹೇಳಲೇಬೇಕೇ ಎಂಬುದನ್ನು ತೀರ್ಮಾನಿಸತಕ್ಕವನೂ ಅವನೇ.

ಈ ಮಾತನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪುಸ್ತಕ 2008ರ ‘ಔಟ್ ಆಫ್ ದಿ ಪಾಕೆಟ್’. ಬರೆದ ಬಿಲ್ ಕೋನಿಗ್ಸ್‌ಬರ್ಗ್ ಮೊದಲು ಕ್ರೀಡಾ ವರದಿಗಾರರು. ತಾವು ಸಲಿಂಗಾನುರಾಗಿ ಎಂದು 2001ರಲ್ಲಿ ತಮ್ಮ ಹೆಸರು ಹಾಕಿಯೇ ಬರೆದವರು. ಅವರ ಕಾದಂಬರಿಯ ಬಾಬಿ ಕ್ಯಾಲಿಫೋರ್ನಿಯದ ಶಾಲೆಯೊಂದರಲ್ಲಿ ತಂಡದ ಆಟವನ್ನೆಲ್ಲ ನಡೆಸುವ ಹುಡುಗ. ಅಮೆರಿಕದ ಫುಟ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ಜಾಗವಿಲ್ಲ. ಅವನು ತನ್ನ ಮಾತನ್ನು ನಂಬಿದ ಒಬ್ಬಿಬ್ಬರಿಗೆ ಹೇಳುತ್ತ, ಹೆಜ್ಜೆಗೊಮ್ಮೆ ನೆಲ ಮುಟ್ಟಿ ನೋಡುತ್ತ ಹೊರಟಿರುತ್ತಾನೆ. ಅಷ್ಟರಲ್ಲಿ ವಿದ್ಯಾರ್ಥಿ ಪತ್ರಕರ್ತನೊಬ್ಬ ಇವನ ಒಪ್ಪಿಗೆಯಿಲ್ಲದೆ ಸುದ್ದಿಯನ್ನು ಹೊರಗೆ ಬಿಡುತ್ತಾನೆ. ಆಡಬೇಕಾಗಿದ್ದ ಮಾತು ಬಾಬಿಯದು, ಆಡಿದವನು ಇನ್ನೊಬ್ಬ. ನಮ್ಮವರು ಹೇಳುತ್ತಾರಲ್ಲ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು. ಇಲ್ಲಿ ಒಡೆದದ್ದು ಇನ್ನೊಬ್ಬನ ಮುತ್ತು.

ಹೇಳಿಕೊಳ್ಳುವುದು ಬೇರೆ, ಬಯಲಿಗೆಳೆಯುವುದು ಬೇರೆ ಎಂದು ನಾವು ಹೇಳುವುದು ಇದಕ್ಕಾಗಿಯೇ. ಕೆಲಸಗಾರನೊಬ್ಬ ತಾನು ಸಂಘ ಸೇರಿದ್ದೇನೆಂದು ಸಮಯ ನೋಡಿ ತಾನೇ ಎದ್ದುನಿಂತು ಹೇಳಿದರೆ ಅದು ಅವನ ಹಿರಿಮೆ. ಅದೇ ಹೆಸರನ್ನು ಹಿಂದಿನ ಬಾಗಿಲಿನಿಂದ ಜಾಬರನ ಕಿವಿಗೆ ಮುಟ್ಟಿಸಿದವನನ್ನು ನಾವು ಏನೆಂದು ಕರೆಯುತ್ತೇವೆ? ಚಾಡಿಕೋರ ಎನ್ನುತ್ತೇವೆ. ಸುದ್ದಿ ಒಂದೇ, ನಿಜವೂ ಒಂದೇ. ಆದರೂ ಒಂದು ಹಿರಿಮೆ, ಇನ್ನೊಂದು ದ್ರೋಹ. ಅಂಗಡಿಯ ಬಂಧುಗಳೂ ಯೋಚಿಸಬೇಕು. ಯಾರ ಮನೆಯ ಉದ್ರಿ ಎಷ್ಟೆಂದು ನಿಮ್ಮ ಪುಸ್ತಕದಲ್ಲಿದೆ. ಅದನ್ನು ನೀವು ಬೀದಿಯಲ್ಲಿ ನಿಂತು ಓದುತ್ತೀರಾ?

ಇಂಗ್ಲೆಂಡಿನ ಆಲಿಸ್ ಓಸ್‌ಮನ್ 2016ರಲ್ಲಿ ಆರಂಭಿಸಿದ ಚಿತ್ರಕಥೆ ‘ಹಾರ್ಟ್‌ಸ್ಟಾಪರ್’ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ ಚಾರ್ಲಿ ಎಂಬ ಹುಡುಗನ ವಿಷಯ ಹಿಂದಿನ ವರ್ಷವೇ ಶಾಲೆಗೆಲ್ಲ ಹಬ್ಬಿ, ಅವನು ಕಾಟ ಅನುಭವಿಸಿದ್ದಾನೆ. ಅವನು ಒಲಿದದ್ದು ನಿಕ್ ಎಂಬ ರಗ್ಬಿ ಆಟಗಾರನಿಗೆ. ತನ್ನ ಮನಸ್ಸು ಯಾವ ಕಡೆಗೆಂದು ತಿಳಿಯಲು ನಿಕ್‌ಗೆ ಕಾಲ ಬೇಕು, ಹೇಳಲು ಇನ್ನಷ್ಟು ಕಾಲ ಬೇಕು. ನೋವುಂಡ ಚಾರ್ಲಿ ಅವನನ್ನು ಅವಸರಪಡಿಸುವುದಿಲ್ಲ, ಕಾಯುತ್ತಾನೆ. ಈ ಕಾಯುವಿಕೆಯಲ್ಲಿರುವ ದೊಡ್ಡತನವನ್ನು ಹಿರಿಯರೂ ಆ ಹುಡುಗನಿಂದ ಕಲಿಯಬೇಕು.

ಇದು ಬರಿಯ ಕಥೆಯೇ? ಅಲ್ಲ. ಬ್ರಿಟನ್ನಿನ ಜಸ್ಟಿನ್ ಫಶಾನು ಹೆಸರಾಂತ ಫುಟ್‌ಬಾಲ್ ಆಟಗಾರ. 1981ರಲ್ಲಿ ಹತ್ತು ಲಕ್ಷ ಪೌಂಡು ಕೊಟ್ಟು ಒಂದು ಕ್ಲಬ್ಬು ಅವನನ್ನು ಕೊಂಡಿತ್ತು. 1990ರಲ್ಲಿ ಅವನು ತನ್ನ ವಿಷಯ ಹೇಳಿದಾಗ ಒಡಹುಟ್ಟಿದ ತಮ್ಮನೇ ಬಹಿರಂಗವಾಗಿ ಎದುರು ನಿಂತ. ಆಮೇಲೆ ಆ ದೇಶದ ವೃತ್ತಿಪರ ಫುಟ್‌ಬಾಲಿನಲ್ಲಿ ಆಡುತ್ತಿರುವ ಇನ್ನೊಬ್ಬ ಗಂಡಸು ಹಾಗೆ ಹೇಳಲು 32 ವರ್ಷ ಹಿಡಿಯಿತು. 2022ರ ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್ ಹೇಳಿದ. ಆಗ ಅವನಿಗೆ 17 ವರ್ಷ. ಅವನು ಮೊದಲು ತಾಯಿಗೂ ಸಹೋದರಿಗೂ ತಿಳಿಸಿದ. ಮರುದಿನ ಆಡಿದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದೆನೆಂದು ಅವನೇ ತಿಳಿಸಿದ್ದಾನೆ. ತಂಡದವರಿಗೆ ಹೇಳಿದ, ಅವರು ಜೊತೆಗೆ ನಿಂತರು. ಆಮೇಲೆ ಲೋಕಕ್ಕೆ ಹೇಳಿದ. ಆ ಕ್ರಮವನ್ನು ಗಮನಿಸಿರಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದು ಅವನ ಕೈಯಲ್ಲಿಯೇ ಉಳಿದಿತ್ತು.

ಇನ್ನು, ‘ಇದೆಲ್ಲ ಬಿಳಿಯರ ನಾಡಿನ ರೋಗ, ನಮ್ಮಲ್ಲಿಲ್ಲ’ ಎಂಬ ಆಕ್ಷೇಪ. ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು ಇಂಥವರಲ್ಲ, ಇಂಥವರನ್ನು ಅಪರಾಧಿಗಳೆಂದ ಕಾನೂನು. ಇಂಗ್ಲಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೆಯ ಕಲಮು ಅದು. ವಯಸ್ಕರಿಬ್ಬರು ಪರಸ್ಪರ ಒಪ್ಪಿ ನಡೆಸುವ ಬಾಳಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತರು. ಮರುವರ್ಷ ಮೇ ತಿಂಗಳಲ್ಲಿ ಓಟಗಾರ್ತಿ ದ್ಯುತಿ ಚಂದ್ ತಮ್ಮ ಬಾಳಸಂಗಾತಿ ಒಬ್ಬ ತರುಣಿಯೆಂದು ಹೇಳಿಕೊಂಡರು. ಆಕೆ ಯಾರ ಮಗಳು? ಒಡಿಶಾದ ಹಳ್ಳಿಯೊಂದರ ನೇಕಾರರ ಮಗಳು. ಮಗ್ಗದ ಸದ್ದು ಕೇಳಿ ಬೆಳೆದವರು. ಮನೆಯಲ್ಲಿಯೇ ವಿರೋಧ ಎದ್ದಿತು. ಆಕೆ ಓಟ ನಿಲ್ಲಿಸಲಿಲ್ಲ. ಅದೇ ವರ್ಷ ಜುಲೈಯಲ್ಲಿ ಇಟಲಿಯ ನೇಪಲ್ಸಿನಲ್ಲಿ ನಡೆದ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ 100 ಮೀಟರ್ ಓಡಿ ಚಿನ್ನ ಗೆದ್ದರು. ನಮ್ಮ ಕನ್ನಡದಲ್ಲಿಯೇ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಿದೆ. ಅದು ಆಟಗಾರರ ಕಥೆಯಲ್ಲ, ಹುಡುಗರಿಗೆಂದು ಬರೆದದ್ದೂ ಅಲ್ಲ. ಆದರೆ ಇಂಥ ಬಾಳು ಕನ್ನಡದ ಮನೆಗಳಲ್ಲಿಯೂ ಉಂಟೆಂದು ಮುಚ್ಚುಮರೆಯಿಲ್ಲದೆ ಹೇಳಿದ ಪುಸ್ತಕ.

‘ಇಂಥ ಪುಸ್ತಕ ಓದಿ ಹುಡುಗರು ಕೆಟ್ಟುಹೋಗುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಹಂಗೇರಿ ದೇಶದ ಸರ್ಕಾರ ಇದೇ ವಾದ ಹೂಡಿ 2021ರಲ್ಲಿ ಕಾನೂನು ಮಾಡಿತು. 2023ರಲ್ಲಿ ‘ಹಾರ್ಟ್‌ಸ್ಟಾಪರ್’ ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆಯಿಲ್ಲದೆ ಮಾರಾಟಕ್ಕಿಟ್ಟ ಒಂದು ಪುಸ್ತಕ ವ್ಯಾಪಾರ ಸಂಸ್ಥೆಗೆ ಅಲ್ಲಿಯ ಅಧಿಕಾರಿಗಳು 1 ಕೋಟಿ 20 ಲಕ್ಷ ಫೋರಿಂಟ್ ದಂಡ ಹಾಕಿದರು. ಇಬ್ಬರು ಹುಡುಗರ ಒಲವಿನ ಪುಸ್ತಕಕ್ಕೆ ಹೊದಿಕೆ ಹಾಕಲಿಲ್ಲವೆಂದು ಅಂಗಡಿಯವನಿಗೆ ದಂಡ! ನಾವು ಕೇಳುತ್ತೇವೆ, ಪುಸ್ತಕ ಓದಿ ಯಾರ ಮನಸ್ಸಾದರೂ ಯಾರಿಗಾದರೂ ಒಲಿದದ್ದುಂಟೇ? ನಮ್ಮ ಹುಡುಗರೆಲ್ಲ ಗಂಡು ಹೆಣ್ಣಿನ ಪ್ರೇಮದ ಸಿನಿಮಾ ನೋಡಿಯೇ ಬೆಳೆದವರು. ಆದರೂ ಅವರಲ್ಲಿ ಕೆಲವರ ಮನಸ್ಸು ಬೇರೆಯಾಗಿಯೇ ಇದೆ. ಪುಸ್ತಕ ಮಾಡುವುದು ಇಷ್ಟೇ: ಒಂಟಿಯಾಗಿ ಕೊರಗುವವನಿಗೆ ನೀನೊಬ್ಬನೇ ಅಲ್ಲ ಎನ್ನುತ್ತದೆ, ಪಕ್ಕದಲ್ಲಿ ಕುಳಿತವನಿಗೆ ನಿನ್ನ ಮಾತಿನಲ್ಲಿ ಮುಳ್ಳಿದೆ ನೋಡಿಕೋ ಎನ್ನುತ್ತದೆ.

ಪಕ್ಕದಲ್ಲಿ ಕುಳಿತವನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಈ ಕಥೆಗಳಲ್ಲಿ ಹುಡುಗನ ಭಯ ಬೆಳೆಯುವುದು ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ. ಅಲ್ಲಿ ಹಾರುವ ಕೊಂಕುಮಾತು ಯಾರನ್ನು ಗುರಿಯಿಟ್ಟದ್ದೂ ಅಲ್ಲ, ಸುಮ್ಮನೆ ನಗೆಗೆಂದು ಆಡಿದ್ದು. ಆದರೆ ಮೂಲೆಯಲ್ಲಿ ಬೂಟಿನ ದಾರ ಕಟ್ಟುತ್ತಿರುವವನು ಅದನ್ನೆಲ್ಲ ಲೆಕ್ಕವಿಡುತ್ತಿರುತ್ತಾನೆ. ಇವರಿಗೆ ಹೇಳಬಹುದೇ, ಬಾರದೇ ಎಂದು ಅವನು ತೀರ್ಮಾನಿಸುವುದು ಆ ಲೆಕ್ಕದಿಂದ. ನಮ್ಮ ಗಿರಣಿಯ ಊಟದ ಹೊತ್ತಿನ ಹರಟೆಯಲ್ಲಿ, ಅಂಗಡಿ ಕಟ್ಟೆಯ ಮಾತಿನಲ್ಲಿ ಇಂಥ ನಗೆ ಇಲ್ಲವೇ? ನಾವು ನಕ್ಕಾಗ ಕೇಳಿಸಿಕೊಂಡವನು ನಮ್ಮ ಮಗನೇ ಆಗಿರಬಹುದು.

ಆದುದರಿಂದ ನಮ್ಮ ಬೇಡಿಕೆ ಮೂರು. ಯಾವ ಹುಡುಗನನ್ನೂ, ಹುಡುಗಿಯನ್ನೂ ಕೆದಕಿ ಕೇಳಬೇಡಿರಿ. ಒಬ್ಬರು ನಂಬಿ ಹೇಳಿದರೆ ಆ ಮಾತನ್ನು ಅವರ ಅಪ್ಪಣೆಯಿಲ್ಲದೆ ಇನ್ನೊಂದು ಕಿವಿಗೆ ಹಾಕಬೇಡಿರಿ. ತಂದೆಯ ಕಿವಿಗೂ ಬೇಡ, ಮೇಷ್ಟರ ಕಿವಿಗೂ ಬೇಡ. ಹೇಳಿದ ಮರುದಿನ ಅವರ ತಟ್ಟೆ ಮನೆಯಲ್ಲಿ ಇದ್ದಲ್ಲೇ ಇರಲಿ, ಅವರ ಜಾಗ ತಂಡದಲ್ಲಿ ಇದ್ದಲ್ಲೇ ಇರಲಿ. ಧೈರ್ಯವನ್ನು ಹುಡುಗನಿಂದ ಮಾತ್ರ ಕೇಳುವುದು ನ್ಯಾಯವಲ್ಲ. ಕೇಳುವ ಕಿವಿಗೂ ಧೈರ್ಯ ಬೇಕು.

ಒಪ್ಪದವರು ಎದ್ದು ಕೇಳಿರಿ, ಉತ್ತರ ಹೇಳಲು ನಾವು ಇಲ್ಲಿಯೇ ಇದ್ದೇವೆ.